ಹಿಂದೆ ಕೇಳ್ತದಾ?

ನಮ್ಮ ಬ್ಲಾಕಿನ ಲಿಫ್ಟು ಏಳನೆಯ ಮಹಡಿಯಲ್ಲಿ ನಿಲ್ಲುವುದಿಲ್ಲ. ಐದರಲ್ಲಿ ನಿಲ್ಲುತ್ತದೆ, ಆಮೇಲೆ ಒಂಬತ್ತರಲ್ಲಿ. ನಡುವಿನ ಮನೆಗಳವರು ಮೆಟ್ಟಿಲನ್ನೇ ನಂಬಬೇಕು. ಟ್ಯಾಂಪಿನೀಸ್‌ನ ಈ ಮನೆಗೆ, ಊರು ಬಿಟ್ಟು ಪರದೇಶಕ್ಕೆ ಬಂದ ಹೊಸತರಲ್ಲಿ, ನಾನು ಅಕ್ಕಿ ಚೀಲ ಹಿಡಿದುಕೊಂಡು ಐದರಲ್ಲಿ ಇಳಿದು ಏದುಸಿರು ಬಿಡುತ್ತ ಹತ್ತುತ್ತಿದ್ದೆ. ಒಂಬತ್ತಕ್ಕೆ ಹೋಗಿ ಇಳಿದು ಬರಬಹುದಲ್ಲ ಎಂಬ ಬುದ್ಧಿ ಬರಲು ಬಹಳ ದಿನ ಬೇಕಾಯಿತು. ಹೇಗೂ ದೇವರು ಮಂಡಿಗೆ ಇನ್ನೂ ಶಕ್ತಿ ಕೊಟ್ಟಿದ್ದಾನೆ, ಅಷ್ಟು ಸಾಕು. ಆದರೆ ಈ ಲಿಫ್ಟಿನ ಮೇಲೆ ಕನ್ನಡದಲ್ಲಿ ಒಂದು ಹಾಡಿದೆ ಎಂದರೆ ಯಾರೂ ನಂಬುವುದಿಲ್ಲ. ಇದೆ.

ಒಂಬತ್ತಕ್ಕೆ ಹೋಗಿ ಇಳಿಯಲೇನು, ಐದಕ್ಕಿಳಿದು ಹತ್ತಲೇನು,
ನಿನ್ನ ಮನೆಯ ಬಾಗಿಲಲ್ಲಿ ಲಿಫ್ಟು ನಿಲ್ಲೋದಿಲ್ಲವೇನು?

ಇದನ್ನು ಕಟ್ಟಿ, ರಾಗ ಹಾಕಿ, ಗಿಟಾರು ಮೀಟುತ್ತ ಹಾಡಿದವರು ಹೋದ ತಿಂಗಳು ಉಡುಪಿಯ ಕಡೆ ತಮ್ಮ ಊರಿನಲ್ಲಿ ತೀರಿಕೊಂಡರು. ಇಲ್ಲಿನ ನಮ್ಮ ಕನ್ನಡ ಸಂಘದ ಸುದ್ದಿಪತ್ರದಲ್ಲಿ ಅವರ ಫೋಟೋ ಹಾಕಿ, ಧ್ವನಿವರ್ಧಕದ ವ್ಯವಸ್ಥೆಯಲ್ಲಿ ಅವರು ಸಲ್ಲಿಸಿದ ಸೇವೆ ಅಪಾರ ಎಂದು ಬರೆದಿದ್ದಾರೆ. ಹಾಡಿನ ಸುದ್ದಿಯೇ ಇಲ್ಲ. ಬರೆದವರನ್ನು ನಾನು ದೂರುವುದಿಲ್ಲ. ಅವರು ಯಾವಾಗಲೂ ಹೊತ್ತಿಗೆ ಸರಿಯಾಗಿ ಬರುವವರು. ಆ ಹಾಡುಗಳನ್ನು ಕೇಳಬೇಕಾದರೆ ಹೊತ್ತಿಗೆ ಮುಂಚೆ ಬರಬೇಕಿತ್ತು.

ಹೆಸರು ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿ, ಸತ್ತ ಮೇಲೆ ಹೆಸರಿನ ಬೋರ್ಡು ಬಂತಲ್ಲ ಮಾರಾಯ್ರೆ, ಎಂದು ನಕ್ಕುಬಿಡುತ್ತಾರೆ. ಸಂಘದ ಮಕ್ಕಳೆಲ್ಲ ಅವರನ್ನು ಹ್ಯಾಟ್ ಅಂಕಲ್ ಎನ್ನುತ್ತಿದ್ದರು. ಮಕ್ಕಳಿಂದ ನಾವೂ ಕಲಿತೆವು. ಕಂದು ಬಣ್ಣದ, ಎರಡು ಪಕ್ಕ ಮೇಲಕ್ಕೆ ಬಾಗಿದ ಟೊಪ್ಪಿ. ದೇವರ ಫೋಟೋದ ಮುಂದೆ ಬಂದಾಗ ಅದನ್ನು ತೆಗೆದು ಸ್ಪೀಕರಿನ ಮೇಲೆ ಇಡುತ್ತಿದ್ದರು. ಆ ಸ್ಪೀಕರಿನ ಮೇಲೆ ಬೇರೆ ಯಾರೂ ಏನೂ ಇಡಬಾರದು, ಹೂವಿನ ಬುಟ್ಟಿಯನ್ನೂ ಇಡಬಾರದು.

ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಅವರ ಕೆಲಸ. ಅದು ಹೊಟ್ಟೆಪಾಡು. ಶನಿವಾರ ಸಂಜೆ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿದ್ದ ಪಬ್ಬಿನಲ್ಲಿ, ಒಬ್ಬ ಮಲಯ ಡ್ರಮ್ಮಿನವನ ಜೊತೆ ಕೂತು, ಅಮೆರಿಕದ ದನಗಾಹಿಗಳ ಹಾಡು ಹಾಡುವುದು ಅವರ ಇನ್ನೊಂದು ಕೆಲಸ. ಆ ಜಾಗಕ್ಕೆ ನಾನು ಹೋಗಿಲ್ಲ, ಹೋಗುವವಳೂ ಅಲ್ಲ. ನಮ್ಮ ಮನೆಯವರು ಒಮ್ಮೆ ಆಫೀಸಿನವರ ಜೊತೆ ಹೋಗಿಬಂದು ವರದಿ ಒಪ್ಪಿಸಿದರು. ಕಾಲಿಗೆ ಜಾಲರಿ ಬಿಟ್ಟ ಬೂಟು, ಸೊಂಟಕ್ಕೆ ಅಂಗೈ ಅಗಲದ ಬಕಲಿನ ಬೆಲ್ಟು. ಮನೆಗೆ ಹೋಗುವ ದಾರಿಯ ಬಗ್ಗೆ ಏನೋ ಹಾಡಿದರಂತೆ, ಕುಡಿದು ಕೂತಿದ್ದ ದೊಡ್ಡ ದೊಡ್ಡ ಬಿಳಿಯರು ಗಳಗಳ ಅತ್ತರಂತೆ. ಮರುದಿನ ಭಾನುವಾರ ಏಕಾದಶಿ ಬಿದ್ದರೆ ಬೆಳಿಗ್ಗೆ ಭಜನೆಗೆ ಅದೇ ಮನುಷ್ಯ ತಲೆಗೆ ನೀರು ಹಾಕಿಕೊಂಡು, ಹಣೆಗೆ ಗಂಧ ಇಟ್ಟುಕೊಂಡು, ಅದೇ ಸ್ಪೀಕರುಗಳನ್ನು ತಂದು ಜೋಡಿಸುತ್ತಿದ್ದರು.

ನಮ್ಮ ಭಜನಾ ಗುಂಪಿಗೆ ಹಿರಿಯರು ಮೈಸೂರಿನ ದೊಡ್ಡಮ್ಮ. ಮಗನ ಮನೆಗೆ ಬಂದು ಇಲ್ಲೇ ನಿಂತವರು, ನಮಗೆಲ್ಲ ದೊಡ್ಡಮ್ಮನೇ. ಪಬ್ಬಿನಲ್ಲಿ ಕೂಗಿದ ಪೆಟ್ಟಿಗೆಯಲ್ಲಿ ದೇವರ ನಾಮ ಬರುವುದೇ ಎಂದು ಅವರಿಗೆ ಸಂಕಟ. ಒಂದು ದಿನ ನೇರವಾಗಿ ಕೇಳಿಯೇ ಬಿಟ್ಟರು.

ಹ್ಯಾಟ್ ಅಂಕಲ್ ವೈರು ಸುತ್ತುವುದನ್ನು ನಿಲ್ಲಿಸಲಿಲ್ಲ. "ಅಲ್ಲಿಯವರು ಕುಡಿದು ಅಳ್ತಾರೆ ಅಮ್ಮಾ, ನೀವು ಇಲ್ಲಿ ಕುಡಿಯದೇ ಅಳ್ತೀರಿ. ಪೆಟ್ಟಿಗೆಗೆ ವ್ಯತ್ಯಾಸ ಗೊತ್ತಾಗುದಿಲ್ಲ."

ದೊಡ್ಡಮ್ಮ ಮುಂದಿನ ಏಕಾದಶಿಗೆ ಒಂದು ಚಿಟಿಕೆ ಕುಂಕುಮ ತಂದು ಎರಡೂ ಸ್ಪೀಕರಿಗೆ ಹಚ್ಚಿದರು. ಅದು ಶುದ್ಧಿಗೋ ರಾಜಿಗೋ ನಮಗೆ ಗೊತ್ತಾಗಲಿಲ್ಲ. ಹ್ಯಾಟ್ ಅಂಕಲ್ ಅದನ್ನು ಅಳಿಸಲೂ ಇಲ್ಲ. ಶನಿವಾರ ಪಬ್ಬಿನಲ್ಲಿ ಅದನ್ನು ನೋಡಿದ ಬಿಳಿಯರು ಏನೆಂದುಕೊಂಡರೋ.

ದನಗಾಹಿಗಳ ಹಾಡು ಇವರಿಗೆ ಹೇಗೆ ಅಂಟಿತು ಎಂದು ನಾನೊಮ್ಮೆ ವಿಚಾರಿಸಿದ್ದೆ. ಅವರ ತಾಯಿ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಪಾಡ್ದನ ಹೇಳುತ್ತಿದ್ದರಂತೆ, ಬೆನ್ನು ಬಗ್ಗಿಸಿದಲ್ಲಿಂದ ಎತ್ತುವವರೆಗೂ ಮುಗಿಯದ ಹಾಡುಗಥೆ. ಇಲ್ಲಿಗೆ ಬಂದ ಮೇಲೆ ಕೆಲಸದ ಜಾಗದಲ್ಲಿ ಒಬ್ಬ ವಿದೇಶಿ ಇಂಜಿನಿಯರು ದೇಶಕ್ಕೆ ಮರಳುವಾಗ ಒಂದು ತಂತಿ ಇಲ್ಲದ ಗಿಟಾರನ್ನೂ ಒಂದು ರಾಶಿ ಕ್ಯಾಸೆಟ್ಟುಗಳನ್ನೂ ಬಿಟ್ಟುಹೋದ. ಹಾಕಿ ಕೇಳಿದರೆ ಇದು ನಮ್ಮಮ್ಮನದ್ದೇ ಅನಿಸಿತಂತೆ. ಯಾರೋ ಹೋದರು, ಯಾರೋ ಕಾದರು, ದಾರಿ ಉದ್ದ, ಮಳೆ ಬಂತು.

"ಎರಡೂ ಒಂದೇ ಅಕ್ಕಾ," ಅಂದಿದ್ದರು. "ಅಲ್ಲಿ ಕುದುರೆ, ನಮ್ಮಲ್ಲಿ ಕೋಣ. ಅಷ್ಟೇ."

ಇವೆರಡನ್ನೂ ಕಲಸಿ ಅವರು ತಮ್ಮದೇ ಕನ್ನಡ ಹಾಡು ಕಟ್ಟುತ್ತಿದ್ದರು. ಎಷ್ಟು ಕಟ್ಟಿದರೋ ಅವರಿಗೂ ಗೊತ್ತಿರಲಿಲ್ಲ. ಅದನ್ನು ಹಾಡಲು ಮಾತ್ರ ಜಾಗವಿರಲಿಲ್ಲ. ಪಬ್ಬಿನಲ್ಲಿ ಗಿರಾಕಿಗಳಿಗೆ ಗೊತ್ತಿರುವ ಹಾಡೇ ಬೇಕು. ಸಂಘದಲ್ಲಿ ಜನಕ್ಕೆ ಗೊತ್ತಿರುವ ಹಾಡೇ ಬೇಕು. ಎರಡು ಕಡೆಯೂ ಗೊತ್ತಿರುವುದೇ ಬೇರೆ ಬೇರೆ, ಬೇಡವಾದದ್ದು ಮಾತ್ರ ಒಂದೇ.

ಆದ್ದರಿಂದ ಅವರು ಮೈಕ್ ಟೆಸ್ಟಿಂಗಿನಲ್ಲಿ ಹಾಡುತ್ತಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ ಯಾವುದೇ ಇರಲಿ, ಸಂಘ ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಸಂಜೆ ಆರಕ್ಕೆ ಕಾರ್ಯಕ್ರಮ. ಹೆಂಗಸರು ನಾವು ಕೆಲವರು ಮೂರಕ್ಕೇ ಹೋಗುತ್ತಿದ್ದೆವು. ರಂಗೋಲಿ ಹಾಕಬೇಕು, ಹೂ ಕಟ್ಟಬೇಕು, ಕೋಸಂಬರಿಗೆ ಸೌತೆಕಾಯಿ ಹೆಚ್ಚಬೇಕು, ಮನೆಗಳಿಂದ ಬಂದ ಬಿಸಿಬೇಳೆಬಾತಿನ ಪಾತ್ರೆಗಳನ್ನು ಸಾಲಾಗಿ ಇಡಬೇಕು. ಅದೇ ಹೊತ್ತಿಗೆ ಹ್ಯಾಟ್ ಅಂಕಲ್ ಸೌಂಡು ಜೋಡಿಸುತ್ತಿದ್ದರು. ಎಲ್ಲರ ಹಾಗೆ ಹಲೋ ಹಲೋ, ಒನ್ ಟೂ ತ್ರೀ ಎನ್ನುವವರಲ್ಲ. ಅದು ಮೈಕಿಗೆ ಮರ್ಯಾದೆ ಅಲ್ಲ ಎನ್ನುತ್ತಿದ್ದರು. ಗಿಟಾರು ತೆಗೆದು ಒಂದು ಪಲ್ಲವಿ ಹಾಡುವರು. ನಿಲ್ಲಿಸಿ, ಖಾಲಿ ಕುರ್ಚಿಗಳ ಮೇಲಿಂದ ನಮ್ಮ ಕಡೆ ನೋಡಿ ಕೇಳುವರು.

"ಹಿಂದೆ ಕೇಳ್ತದಾ?"

ಹೂ ಕಟ್ಟುತ್ತಿದ್ದವರೋ, ಪಾತ್ರೆ ಒರೆಸುತ್ತಿದ್ದವರೋ, ಯಾರಾದರೊಬ್ಬರು "ಕೇಳ್ತದೆ" ಎನ್ನುತ್ತಿದ್ದೆವು. ನಾವು ಮೈಸೂರಿನ ಕಡೆಯವರು ಕೇಳಿಸುತ್ತೆ ಎನ್ನಬೇಕು. ಅವರ ಬಾಯಿಂದ ಬಂದು ಬಂದು ನಮಗೂ ಅದೇ ಅಭ್ಯಾಸವಾಯಿತು. ಆಮೇಲೆ ಎರಡನೆಯ ಮೈಕು, ಅದಕ್ಕೆ ಒಂದು ಚರಣ. ಮೂರನೆಯದಕ್ಕೆ ಇನ್ನೊಂದು. ಮೈಕುಗಳು ಎಷ್ಟಿದ್ದವೋ ಹಾಡು ಅಷ್ಟು ಉದ್ದ. ಶಾಲೆ ಮಕ್ಕಳ ನಾಟಕವಿದ್ದ ದಿನ ಮೈಕು ಹೆಚ್ಚು, ನಮ್ಮ ಅದೃಷ್ಟ.

ಅವರ ಹಾಡಿಗೆ ವಸ್ತು ನಾವೇ. ಯಾರಾದರೂ ಏನಾದರೂ ಗೋಳು ಹೇಳಿಕೊಂಡರೆ ಮುಂದಿನ ಹಬ್ಬಕ್ಕೆ ಅದು ರಾಗವಾಗಿ ಬರುತ್ತಿತ್ತು. ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಸ್ಪೀಕರು ಹೊತ್ತು ಏಳನೆಯ ಮಹಡಿ ಹತ್ತಿದಾಗ ಅವರು ಬಾಗಿಲಲ್ಲಿ ನಿಂತು ಉಸಿರು ಬಿಟ್ಟರು ಅಷ್ಟೇ. ಯುಗಾದಿಗೆ ಹಾಡು ತಯಾರು. ಕೇಳಿದಾಗ ನನಗೆ ಕಣ್ಣು ತುಂಬಿತು. ಭಗವಂತನ ಬಾಗಿಲು ತಲುಪುವುದು ಎಷ್ಟು ಕಷ್ಟ ಎಂದು ಎಷ್ಟು ಸರಳವಾಗಿ ಹೇಳಿದಿರಿ ಎಂದು ಅವರಿಗೆ ಕೈ ಮುಗಿದೆ.

ಅವರು ಗಾಬರಿಯಾದರು. "ಅಯ್ಯೋ, ಅದು ನಿಮ್ಮ ಮನೆ ಲಿಫ್ಟು ಅಕ್ಕಾ."

ಆದರೂ ನಾನು ಆ ಹಾಡನ್ನು ದೇವರ ಮನೆಯಲ್ಲೇ ಹೇಳಿಕೊಳ್ಳುತ್ತೇನೆ. ಅವನಿಗೆ ಅಡ್ಡಿ ಇದ್ದ ಹಾಗೆ ಕಾಣುವುದಿಲ್ಲ.

ಇನ್ನೊಂದು ಹಾಡು ನಮ್ಮ ಗುಂಪಿನ ಒಬ್ಬಾಕೆಯದು. ಇಲ್ಲಿ ಬಟ್ಟೆಯನ್ನು ಉದ್ದ ಬಿದಿರಿನ ಗಳಕ್ಕೆ ಹಾಕಿ ಕಿಟಕಿಯಿಂದ ಹೊರಗೆ ಚಾಚುತ್ತಾರೆ. ಆಕೆ ಕಿಟಕಿಯಲ್ಲಿ ಹಪ್ಪಳ ಒಣಗಿಸಿದ್ದಾಗಲೆಲ್ಲ ಮೇಲಿನ ಮನೆಯ ಚೀನೀ ಅಜ್ಜಿಯ ಬಟ್ಟೆ ಮೇಲಿಂದ ನೀರು ಸುರಿಸುತ್ತಿತ್ತು. ಜಗಳಕ್ಕೆಂದು ಸೆರಗು ಸಿಕ್ಕಿಸಿಕೊಂಡು ಹತ್ತಿ ಹೋದರೆ, ಅಜ್ಜಿಗೆ ಇಂಗ್ಲಿಷೂ ಬರದು.

ಮೇಲಿನ ಮನೆಯ ಅಂಗಿ ತೊಟ್ಟಿಕ್ಕಿ ಕೆಳಗಿನ ಹಪ್ಪಳ ನೆನೆಯಿತು,
ಜಗಳಕೆ ಒಂದೂ ಭಾಷೆ ಸಿಗದೆ ನಕ್ಕು ಬಾಗಿಲು ಮುಚ್ಚಿತು.

ಮೊದಮೊದಲು ಅವರ ಮುಂದೆ ಬಾಯಿ ಬಿಡಲು ಹೆದರುತ್ತಿದ್ದ ನಾವು ಕಡೆಕಡೆಗೆ ಬೇಕೆಂದೇ ಗೋಳು ಹೇಳಿಕೊಳ್ಳಲು ಶುರು ಮಾಡಿದೆವು. ಗಂಡನ ಮೇಲಿನ ದೂರನ್ನು ಯಾರ ಹೆಸರೂ ಬರದ ಹಾಗೆ, ಅತ್ತೆಯ ಮೇಲಿನದನ್ನು ಇನ್ನೂ ನಾಜೂಕಾಗಿ. ಹಾಡಾಗಿ ವಾಪಸು ಬಂದಾಗ ಅದು ನಮ್ಮದೇ ಎಂದು ನಮಗೊಬ್ಬರಿಗೇ ಗೊತ್ತು. ಆರು ಗಂಟೆಗೆ ಅದೇ ಗಂಡಂದಿರು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು.

ಹ್ಯಾಟ್ ಅಂಕಲ್ ಅವರ ಹೆಂಡತಿ ಮಾತ್ರ ಈ ಹಾಡುಗಳಿಗೆ ಕಿವಿಗೊಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸು, ಎತ್ತರದ ಹೆಂಗಸು, ಬಾಯಿ ಜೋರು, ಕೈ ಧಾರಾಳ. "ಇವರ ಹಾಡಿಗೆ ದೋಸೆ ಹಿಟ್ಟು ಸಹ ಹುಳಿ ಬರುದಿಲ್ಲ ಮಾರಾಯ್ರೆ, ನೀವು ಹೇಗೆ ಕೇಳ್ತೀರಿ?" ಎಂದು ಗಂಡನ ಎದುರೇ ಹೇಳುವರು. ಗಂಡನಿಗೂ ಅದು ಒಪ್ಪಿಗೆ ಇದ್ದಂತೆ ತೋರುತ್ತಿತ್ತು. ಆದರೆ ಗಿಟಾರಿನ ಆ ಇಲ್ಲದ ತಂತಿಯನ್ನು ಪೇಟೆಯೆಲ್ಲ ಹುಡುಕಿ ತಂದು ಹಾಕಿಸಿದ್ದು ಆಕೆಯೇ ಎಂದು ಹ್ಯಾಟ್ ಅಂಕಲ್ ಒಮ್ಮೆ ನನಗೆ ಗುಟ್ಟಾಗಿ ಹೇಳಿದ್ದರು.

ಅವರಿಗೆ ಒಂದೇ ಆಸೆ. ತಮ್ಮ ಒಂದು ಹಾಡನ್ನು ತುಂಬಿದ ಸಭೆಯ ಮುಂದೆ ಹಾಡಬೇಕು. ಐದು ನಿಮಿಷ ಸಾಕು. ನಾವು ಕೇಳುತ್ತೇವಲ್ಲ ಎಂದರೆ, "ನೀವು ಹೆಚ್ಚುತ್ತಾ ಕೇಳ್ತೀರಿ, ಕಟ್ಟುತ್ತಾ ಕೇಳ್ತೀರಿ. ಒಮ್ಮೆ ಜನ ಕೂತು ಕೇಳ್ಬೇಕು ಅಕ್ಕಾ. ಕೂತು ಕೇಳಿ, ಚಂದ ಇಲ್ಲ ಅಂದರೂ ಅಡ್ಡಿಲ್ಲ," ಎನ್ನುತ್ತಿದ್ದರು. ಸಂಘದ ಕಾರ್ಯದರ್ಶಿ ಕಂಪ್ಯೂಟರ್ ಕಂಪನಿಯಲ್ಲಿದ್ದ ಬೆಂಗಳೂರಿನ ಹುಡುಗ. ಒಳ್ಳೆಯವನು, ಯಾರಿಗೂ ಇಲ್ಲ ಎಂದು ಹೇಳಿದವನಲ್ಲ. ಇವರಿಗೂ ಹೇಳಲಿಲ್ಲ. ಈ ಸಲ ಸ್ವಲ್ಪ ಟೈಟ್ ಇದೆ ಅಂಕಲ್, ನೆಕ್ಸ್ಟ್ ಟೈಮ್ ಡೆಫಿನಿಟ್ ಎನ್ನುತ್ತಿದ್ದ. ಒಂದು ಸಲ ಅತಿಥಿಗಳ ಭಾಷಣ ಉದ್ದ. ಒಂದು ಸಲ ಫ್ಯಾನ್ಸಿ ಡ್ರೆಸ್ಸಿಗೆ ಮಕ್ಕಳು ಜಾಸ್ತಿ, ಒಂದು ಮಗುವನ್ನು ಬಿಟ್ಟರೂ ಅದರ ತಾಯಿ ಬಿಡುವವಳಲ್ಲ. ಸಮಯ ಒದಗಲಿಲ್ಲ ಎನ್ನುವುದು ಸುಳ್ಳೂ ಅಲ್ಲ. ಆದರೆ ಆ ಪುಣ್ಯಾತ್ಮ ಪ್ರತಿ ಸಲ ಡೆಫಿನಿಟ್ ಎಂದದ್ದನ್ನು ಇವರು ಪ್ರತಿ ಸಲ ನಂಬಿದರು.

ಒಂದು ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ದೊಡ್ಡ ಗಾಯಕರೊಬ್ಬರನ್ನು ಕರೆಸಿದ್ದರು. ಸಭಾಂಗಣ ಎಂದೂ ಇಲ್ಲದಷ್ಟು ತುಂಬಿತ್ತು, ಕ್ಲೆಮೆಂಟಿಯ ಕಡೆ ಕಾಲೇಜಿನಲ್ಲಿ ಓದುವ ಹುಡುಗರ ದಂಡು ಬಂದು ಗೋಡೆಗೆ ಒರಗಿ ನಿಂತಿತ್ತು. ಗಾಯಕರ ವಿಮಾನ ತಡವಾಯಿತು. ಮಕ್ಕಳ ಕುಣಿತ ಮುಗಿಯಿತು, ಭಾಷಣ ಮುಗಿಯಿತು, ವಂದನಾರ್ಪಣೆಯನ್ನೂ ಮುಂಚೆಯೇ ಮಾಡಿ ಮುಗಿಸಿದರು. ಇನ್ನೇನೂ ಉಳಿದಿರಲಿಲ್ಲ. ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತ ಸೌಂಡಿನ ಮೇಜಿನ ಹತ್ತಿರ ಓಡಿ ಬಂದ. ನಾನು ಆಗ ಹ್ಯಾಟ್ ಅಂಕಲ್‌ಗೆ ಪಾನಕ ಕೊಡಲು ಅಲ್ಲಿದ್ದೆ.

"ಅಂಕಲ್, ಪ್ಲೀಸ್, ನೀವೇ ಹಾಡ್ಬಿಡಿ. ಆರ್ಟಿಸ್ಟ್ ಟ್ಯಾಕ್ಸಿಲಿದಾರೆ. ಅವ್ರು ಬರೋ ತನಕ ಹೇಗಾದ್ರೂ ಮ್ಯಾನೇಜ್ ಮಾಡಿ."

ಹ್ಯಾಟ್ ಅಂಕಲ್ ಪಾನಕದ ಲೋಟವನ್ನು ನನ್ನ ಕೈಗೇ ವಾಪಸು ಕೊಟ್ಟರು. ಟೊಪ್ಪಿ ಸರಿ ಮಾಡಿಕೊಂಡರು. ಆಮೇಲೆ ಸೌಂಡಿನ ಗುಂಡಿಗಳನ್ನು ನೋಡಿದರು, ನನ್ನನ್ನು ನೋಡಿದರು. ಅವರು ವೇದಿಕೆಗೆ ಹೋದರೆ ಇದನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ.

"ಅಕ್ಕಾ, ಇಲ್ಲಿ ಕೂತ್ಕೊಳ್ಳಿ. ಏನೂ ಮಾಡುದು ಬೇಡ. ಏನನ್ನೂ ಮುಟ್ಟದಿದ್ರೆ ಆಯ್ತು."

ಜೀವಮಾನದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ತಾಂತ್ರಿಕ ಹುದ್ದೆ ಅದು. ಎರಡು ಕೈಯನ್ನೂ ಮಡಿಲಲ್ಲಿ ಕಟ್ಟಿಕೊಂಡು, ರಾಘವೇಂದ್ರ ಸ್ವಾಮಿಗಳನ್ನು ನೆನೆಯುತ್ತ ಕೂತೆ. ಕಾರ್ಯದರ್ಶಿ ಗಾಯಕರನ್ನು ಎದುರುಗೊಳ್ಳಲು ಬಾಗಿಲಿಗೆ ಓಡಿದ. ಇವರ ಹೆಸರನ್ನು ಹೇಳಿ ಕರೆಯಬೇಕು ಎಂದು ಅವನಿಗೆ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ಸಭೆಯ ದೀಪಗಳು ಹಾಗೇ ಉರಿಯುತ್ತಿದ್ದವು. ಹ್ಯಾಟ್ ಅಂಕಲ್ ತಾವೇ ಮೆಟ್ಟಿಲು ಹತ್ತಿ, ಮೈಕನ್ನು ಬಾಯಿಯ ಮಟ್ಟಕ್ಕೆ ಇಳಿಸಿ, ಲಿಫ್ಟಿನ ಹಾಡು ಎತ್ತಿಕೊಂಡರು.

ಅವರು ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಸ್ವರ ಸ್ವಲ್ಪ ನಡುಗುತ್ತಿತ್ತು, ಅದೂ ಒಂದು ಚಂದವೇ. ಪಲ್ಲವಿ ಮುಗಿಯಿತು. ಮುಗಿಯುತ್ತಲೇ, ಇಷ್ಟು ವರ್ಷಗಳ ಅಭ್ಯಾಸ ನೋಡಿ, ಅವರ ಬಾಯಿಂದ ತಾನಾಗಿ ಬಂದುಬಿಟ್ಟಿತು.

"ಹಿಂದೆ ಕೇಳ್ತದಾ?"

ಗೋಡೆಗೆ ಒರಗಿದ್ದ ಹುಡುಗರಲ್ಲೊಬ್ಬ ಕೈ ಎತ್ತಿ ಕೂಗಿದ. "ಸೂಪರಾಗಿ ಕೇಳ್ಸುತ್ತೆ ಅಂಕಲ್. ಪ್ರೋಗ್ರಾಂ ಶುರು ಮಾಡ್ಸಿ."

ಸಭೆ ನಕ್ಕಿತು. ಕೆಟ್ಟ ನಗುವಲ್ಲ. ಟೊಪ್ಪಿಯ ಮನುಷ್ಯ ಗಾಯಕರಿಗಾಗಿ ಮೈಕು ಸರಿ ಮಾಡುತ್ತಿದ್ದಾನೆ ಎಂದು ಅಲ್ಲಿದ್ದವರೆಲ್ಲ ತಿಳಿದಿದ್ದರು. ಅವರನ್ನು ಬೇರೆ ಯಾವ ಕೆಲಸಕ್ಕೂ ಆ ಜಾಗದಲ್ಲಿ ಯಾರೂ ಕಂಡಿರಲಿಲ್ಲವಲ್ಲ. ಅವರು ಎರಡನೆಯ ಚರಣ ಹಾಡಿದರು, ಮೂರನೆಯದನ್ನೂ ಹಾಡಿದರು. ಜನ ಅಕ್ಕಪಕ್ಕ ತಿರುಗಿ ಮನೆ ಬಾಡಿಗೆಯ ವಿಷಯ, ಇಲ್ಲೇ ನೆಲೆಸಲು ಪಿ.ಆರ್. ಸಿಕ್ಕಿತೇ ಇಲ್ಲವೇ ಎನ್ನುವ ವಿಷಯ ಮಾತಾಡುತ್ತಿದ್ದರು. ನನ್ನ ಮಗಳು ಬಂದು, "ಅಮ್ಮಾ, ಹ್ಯಾಟ್ ಅಂಕಲ್ ಟೆಸ್ಟಿಂಗ್ ಸೋ ಲಾಂಗ್ ಲಾ, ವೈ?" ಎಂದು ಕೇಳಿದಳು. ಎದ್ದು ನಿಂತು, ಇದು ಟೆಸ್ಟಿಂಗ್ ಅಲ್ಲ, ಇದೇ ಪ್ರೋಗ್ರಾಂ ಎಂದು ಹೇಳಬೇಕು ಎನ್ನಿಸಿತು. ಆದರೆ ಏನನ್ನೂ ಮುಟ್ಟಬೇಡಿ ಎಂದಿದ್ದರು, ಹೆದರಿಕೊಂಡು ಕೂತೇ ಇದ್ದೆ. ಅಡುಗೆ ಕೋಣೆಯ ಬಾಗಿಲಲ್ಲಿ ದೊಡ್ಡಮ್ಮ ಸೌಟು ಹಿಡಿದು ನಿಂತಿದ್ದರು. ನನ್ನನ್ನು ಬಿಟ್ಟರೆ ಇಡೀ ಸಭೆಯಲ್ಲಿ ವೇದಿಕೆಯ ಕಡೆ ನೋಡುತ್ತಿದ್ದವರು ಅವರೊಬ್ಬರೇ ಎಂದು ಕಾಣುತ್ತದೆ.

ಹಾಡು ಪೂರ್ತಿ ಮುಗಿಯಿತು. ಕಾರ್ಯದರ್ಶಿ ಓಡಿ ಬಂದು ವೇದಿಕೆಯ ಕೆಳಗಿನಿಂದ ಹೆಬ್ಬೆರಳು ಎತ್ತಿ ತೋರಿಸಿದ. "ಸೌಂಡ್ ಪರ್ಫೆಕ್ಟ್ ಅಂಕಲ್. ಬಂದ್ಬಿಟ್ರು."

ಹ್ಯಾಟ್ ಅಂಕಲ್ ಗಾಯಕರು ಬಾಗಿಲಿನಿಂದ ಬರುತ್ತಿದ್ದುದನ್ನು ನೋಡಿ, ಅವರ ಎತ್ತರಕ್ಕೆ ಮೈಕನ್ನು ಮೇಲೆತ್ತಿ, ಭದ್ರ ಮಾಡಿ ಇಳಿದು ಬಂದರು. ಸ್ಪೀಕರಿನ ಮೇಲೆ ಟೊಪ್ಪಿ ಇಟ್ಟರು. ನಾನು ಎದ್ದು ಜಾಗ ಬಿಟ್ಟೆ. ಅವರು ಗುಂಡಿಗಳನ್ನೆಲ್ಲ ಒಮ್ಮೆ ಸವರಿ ನೋಡಿದರು.

"ಒಂದು ಖಾತ್ರಿ ಆಯ್ತು ಅಕ್ಕಾ," ಅಂದರು. "ಸೌಂಡ್ ಲಾಯ್ಕುಂಟು."

ಗಾಯಕರು ಎಲ್ಲರಿಗೂ ಗೊತ್ತಿರುವ ಹಾಡುಗಳನ್ನು ಹಾಡಿದರು. ಜನ ಚಪ್ಪಾಳೆ ತಟ್ಟಿ ಸೋತರು. ಕೊನೆಗೆ ಅವರು ವೇದಿಕೆಯಿಂದಲೇ, ಇಷ್ಟು ಒಳ್ಳೆಯ ಸೌಂಡು ನನಗೆ ಬೆಂಗಳೂರಿನಲ್ಲೂ ಸಿಕ್ಕಿಲ್ಲ ಎಂದು ಹೊಗಳಿದರು. ಸಭೆ ತಿರುಗಿ ನೋಡಿ ಹ್ಯಾಟ್ ಅಂಕಲ್‌ಗೂ ಚಪ್ಪಾಳೆ ತಟ್ಟಿತು. ಅವರು ಎದ್ದು ನಿಂತು ತಲೆ ಬಾಗಿಸಿದರು. ಟೊಪ್ಪಿಗೆ ಕೈ ಹಾಕಿದರೆ ಅದರೊಳಗೆ ಯಾರೋ ಖಾಲಿ ಪೇಪರ್ ಕಪ್ಪು ಇಟ್ಟು ಹೋಗಿದ್ದರು.

ಆಮೇಲೆ ಅವರು ಕಾರ್ಯದರ್ಶಿಯನ್ನು ಐದು ನಿಮಿಷ ಕೇಳಲಿಲ್ಲ. ಕೇಳದಿದ್ದುದನ್ನು ಆ ಹುಡುಗ ಗಮನಿಸಿದನೋ ಇಲ್ಲವೋ, ನಾನು ಕಾಣೆ.

ಮುಂದಿನ ಸಂಕ್ರಾಂತಿಗೆ ನಾವು ಎಂದಿನಂತೆ ಮೂರಕ್ಕೆ ಹೋದರೆ ಅವರು ಆಗಲೇ ವೈರುಗಳನ್ನೆಲ್ಲ ಜೋಡಿಸಿ ಸುಮ್ಮನೆ ಕೂತಿದ್ದರು. ಗಿಟಾರು ಪೆಟ್ಟಿಗೆಯಲ್ಲೇ ಇತ್ತು. ಮೈಕಿಗೆ ಬೆರಳಿನಿಂದ ಟಕ್ ಟಕ್ ಎಂದು ಎರಡು ಸಲ ಬಡಿದು, ಆಯ್ತು ಅಂದರು. ನಾವು ಮುಖ ಮುಖ ನೋಡಿಕೊಂಡೆವು. ಹೂವಿಗೆ ಹಾಕಿದ ಗಂಟು ಸಡಿಲವಾಯಿತು, ರಂಗೋಲಿಯ ಎಳೆ ಸೊಟ್ಟಗಾಯಿತು. ಹಾಡಿಲ್ಲದೆ ಕೆಲಸ ಎಷ್ಟು ಭಾರ ಎಂದು ಆ ಮಧ್ಯಾಹ್ನ ಗೊತ್ತಾಯಿತು. ಇಷ್ಟು ವರ್ಷ ಪುಕ್ಕಟೆ ಸಿಕ್ಕ ಪ್ರಸಾದಕ್ಕೆ ನಾವು ಒಂದು ದಿನವೂ ಕೈ ಒಡ್ಡಿರಲಿಲ್ಲ ಎನ್ನುವುದೂ ಗೊತ್ತಾಯಿತು.

ದೊಡ್ಡಮ್ಮ ಎಳ್ಳು ಬೆಲ್ಲದ ಬುಟ್ಟಿಯನ್ನು ಕೆಳಗಿಟ್ಟರು. ಕೈ ಒರೆಸಿಕೊಂಡು ಹೋಗಿ ಅಧ್ಯಕ್ಷರಿಗೆಂದು ಮೀಸಲಿಟ್ಟಿದ್ದ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ಸೆರಗು ಹೊದ್ದುಕೊಂಡು, ಎರಡು ಕೈ ಮಡಿಲಲ್ಲಿಟ್ಟು, ಸಂಗೀತ ಕಚೇರಿಗೆ ಬಂದವರ ಹಾಗೆ ಕೂತರು. ನಮ್ಮನ್ನೂ ಕಣ್ಣಲ್ಲೇ ಕರೆದರು. ಒಬ್ಬೊಬ್ಬರಾಗಿ ಕತ್ತರಿ, ಚಾಕು, ದಾರ ಎಲ್ಲ ಬಿಟ್ಟು ಹೋಗಿ ಅವರ ಪಕ್ಕ ಕೂತೆವು.

"ಟಕ್ ಟಕ್ ಅಂದ್ರೆ ನಮಗೇನು ಗೊತ್ತಾಗುತ್ತೆ?" ಎಂದರು ದೊಡ್ಡಮ್ಮ. "ಸರಿಯಾಗಿ ಟೆಸ್ಟ್ ಮಾಡಪ್ಪ. ನಾವು ಕೂತಿದ್ದೀವಿ."

ಹ್ಯಾಟ್ ಅಂಕಲ್ ಟೊಪ್ಪಿ ಸರಿ ಮಾಡಿಕೊಂಡರು. ಆಮೇಲೆ ಗಿಟಾರು ತೆಗೆದರು. ಅವರ ಹೆಂಡತಿ ಆ ದಿನ ರಜೆ ಹಾಕಿ ಬಂದಿದ್ದರು. ಅಡುಗೆ ಕೋಣೆಯಿಂದ ಇಣುಕಿ, "ಅಯ್ಯೋ ದೇವರೇ, ಇವರಿಗೆ ಪ್ರೋತ್ಸಾಹ ಬೇರೆ ಕೊಡ್ತೀರಾ," ಎಂದವರು, ಒಳಗೆ ಹೋಗಲಿಲ್ಲ. ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತರು.

ಪಲ್ಲವಿ ಮುಗಿಯಿತು. ಅವರು ಕೇಳುವುದನ್ನು ಕೇಳಲು ಬಾಯಿ ತೆರೆದು, ಸುಮ್ಮನಾದರು. ನಾವೆಲ್ಲ ಮುಂದೆ ಕೂತುಬಿಟ್ಟಿದ್ದೆವು, ಹಿಂದೆ ಯಾರೂ ಇರಲಿಲ್ಲ. ದೊಡ್ಡಮ್ಮ ನನ್ನ ಮೊಣಕೈ ತಿವಿದರು. "ಏಳು, ಹಿಂದೆ ಹೋಗಿ ಕೂತ್ಕೋ. ಇಲ್ದಿದ್ರೆ ಅವನು ಯಾರನ್ನ ಕೇಳ್ತಾನೆ?"

ಖಾಲಿ ಕುರ್ಚಿಗಳ ಸಾಲು ದಾಟಿ ನಾನು ಕಟ್ಟಕಡೆಯ ಸಾಲಿಗೆ ಹೋಗಿ ಕೂತೆ. ಅಲ್ಲಿಂದ ಅವರ ಟೊಪ್ಪಿ ಒಂದು ಬಟಾಣಿಯಷ್ಟು ಕಾಣುತ್ತಿತ್ತು. ಆದರೆ ಒಂದೊಂದು ಅಕ್ಷರವೂ ಬಂದು ಮುಟ್ಟುತ್ತಿತ್ತು.

ಅಂದಿನಿಂದ ಅವರು ಮೂರರ ಬದಲು ಎರಡು ಗಂಟೆಗೇ ಬರುತ್ತಿದ್ದರು, ನಾವೂ ಎರಡಕ್ಕೇ. ಕೋಸಂಬರಿಗೆ ಅಷ್ಟು ಹೊತ್ತು ಬೇಕೇ ಎಂದು ನಮ್ಮ ಮನೆಯವರು ಕೇಳಿದರೆ, ಜನ ಜಾಸ್ತಿ ಆಗಿದ್ದಾರೆ ಎನ್ನುತ್ತಿದ್ದೆ. ಸಂಘದ ಅತಿ ಒಳ್ಳೆಯ ಕಾರ್ಯಕ್ರಮ ಪ್ರತಿ ಹಬ್ಬದ ಮಧ್ಯಾಹ್ನ ನಡೆದು, ಸಂಘಕ್ಕೆ ಗೊತ್ತಾಗುವ ಮೊದಲೇ ಮುಗಿಯುತ್ತಿತ್ತು. ಹೀಗೆ ಒಂದೆರಡು ವರ್ಷ. ಆಮೇಲೆ ಕೆಲಸದ ಅವಧಿ ಮುಗಿದು ಗಂಡ ಹೆಂಡತಿ ಊರಿಗೆ ಹೊರಟರು. ಬೀಳ್ಕೊಡುಗೆಯಲ್ಲಿ ಸಂಘ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟಿತು. ಎರಡು ಮಾತಾಡಿ ಎಂದಾಗ ಅವರು, ಮೈಕು ಸರಿ ಉಂಟು, ಮಾತು ಬೇಡ ಎಂದು ಇಳಿದು ಬಂದರು. ಸ್ಪೀಕರುಗಳನ್ನು ಸಂಘಕ್ಕೇ ಬಿಟ್ಟು ಹೋದರು. ದೊಡ್ಡಮ್ಮ ಹಚ್ಚಿದ ಕುಂಕುಮದ ಕಲೆ ಈಗಲೂ ಅವುಗಳ ಮೇಲಿದೆ.

ಸುದ್ದಿ ಬಂದದ್ದು ರಾಮನವಮಿಯ ವಾರ. ಭಜನೆಗೆ ಮುಂಚೆ ಶ್ರದ್ಧಾಂಜಲಿ ಇಡೋಣ ಎಂದು ಕಾರ್ಯದರ್ಶಿಯೇ ಹೇಳಿದ. ಈಗ ಅವನ ತಲೆಯಲ್ಲೂ ಅಲ್ಲಲ್ಲಿ ನರೆ. ನಿಜವಾಗಿ ಕಣ್ಣೀರು ಹಾಕಿದ, ಅವರಿಲ್ಲದೆ ಸೌಂಡಿಗೆ ಗತಿಯೇ ಇಲ್ಲ ಆಂಟಿ ಎಂದ. ಎಷ್ಟು ಹೊತ್ತು ಎಂದು ಕೇಳಿದೆ. ಐದು ನಿಮಿಷ ಎಂದ.

ಅಂತೂ ಸಿಕ್ಕಿತು. ಅದರಲ್ಲಿ ಒಂದು ನಿಮಿಷ ಮೌನಕ್ಕೆ ಹೋಯಿತು, ಉಳಿದದ್ದರಲ್ಲಿ ಹೆಚ್ಚಿನದು ಅಧ್ಯಕ್ಷರಿಗೆ. ಹೆಂಗಸರ ಪರವಾಗಿ ನಾನು ಎರಡು ಮಾತು ಹೇಳಬೇಕು ಎಂದು ಕರೆದರು. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದವಳು, ಸೆರಗು ಹೊದ್ದುಕೊಂಡು ವೇದಿಕೆ ಹತ್ತಿದೆ. ಬಾಡಿಗೆಗೆ ಬಂದಿದ್ದ ಸೌಂಡಿನವನು ಮೈಕನ್ನು ನನ್ನ ಮುಂದೆ ಇಟ್ಟು, ಚೆಕ್ ಮಾಡಿ ಎಂದು ಸನ್ನೆ ಮಾಡಿದ. ಹಲೋ ಎನ್ನಲು ಬಾಯಿ ಬರಲಿಲ್ಲ. ಅದು ಮೈಕಿಗೆ ಮರ್ಯಾದೆ ಅಲ್ಲ. ಕಣ್ಣು ಮುಚ್ಚಿಕೊಂಡು ಅವರ ಲಿಫ್ಟಿನ ಹಾಡನ್ನು ಎತ್ತಿಕೊಂಡೆ. ಒಂಬತ್ತಕ್ಕೆ ಹೋಗಿ ಇಳಿದೆ, ಐದಕ್ಕಿಳಿದು ಹತ್ತಿದೆ, ಬಾಗಿಲ ತನಕ ಹೋಗಿ ನಿಲ್ಲಿಸಿದೆ. ಕಣ್ಣು ತೆರೆದರೆ ಮುಂದಿನ ಸಾಲುಗಳವರು ಪಕ್ಕಕ್ಕೆ ತಿರುಗಿ ತಮ್ಮ ತಮ್ಮ ಮಾತಿನಲ್ಲಿದ್ದರು. ಮೈಕ್ ಟೆಸ್ಟಿಂಗ್ ನಡೆಯುತ್ತಿದೆ, ಭಾಷಣ ಇನ್ನೂ ಶುರುವಾಗಿಲ್ಲ ಎಂದು ತಿಳಿದಿದ್ದರು.

"ಹಿಂದೆ ಕೇಳ್ತದಾ?" ಎಂದೆ.

ಅಡುಗೆ ಕೋಣೆಯ ಬಾಗಿಲ ಹತ್ತಿರ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದ ದೊಡ್ಡಮ್ಮ ತಲೆ ಎತ್ತಲಿಲ್ಲ. ಚಾಕು ಮಾತ್ರ ಒಂದು ಗಳಿಗೆ ನಿಂತಿತು.

"ಕೇಳ್ತದೆ," ಎಂದರು.